ಹಳೆಯ ಟಿವಿ ಗೇಮಿನ ಬಂದೂಕು ಹೊಸ ಎಲ್‌ಇಡಿ ಟಿವಿಯಲ್ಲಿ ಏಕೆ ಗುರಿ ಹಿಡಿಯುವುದಿಲ್ಲ?

ಅಟ್ಟದ_ಟ್ರಂಕು (ಹಾಸನ):

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಮನೆಗೆ ಸುಣ್ಣ ಬಳಿಸಲೆಂದು ಅಟ್ಟ ಖಾಲಿ ಮಾಡುತ್ತಿದ್ದಾಗ, 1990ರ ದಶಕದ ಕೊನೆಯಲ್ಲಿ ನಮ್ಮ ತಂದೆಯವರು ಕೊಡಿಸಿದ್ದ ಟಿವಿ ಗೇಮ್ ಒಂದು ಟ್ರಂಕಿನಲ್ಲಿ ಸಿಕ್ಕಿತು. ಆಗ ಎಲ್ಲೆಡೆ ಮಾರಾಟವಾಗುತ್ತಿದ್ದ, ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಯಂತ್ರದ ನಕಲು ಅದು. ಎರಡು ಜಾಯ್‌ಸ್ಟಿಕ್, ನಾವು ಕ್ಯಾಸೆಟ್ ಎಂದೇ ಕರೆಯುತ್ತಿದ್ದ ಮೂರು ಕಾರ್ಟ್ರಿಡ್ಜ್‌ಗಳು ಮತ್ತು ಉದ್ದನೆಯ ವೈರಿನ ಒಂದು ಕಪ್ಪು ಪ್ಲಾಸ್ಟಿಕ್ ಬಂದೂಕು, ಎಲ್ಲವೂ ಹಾಗೆಯೇ ಇವೆ. ಅಡಾಪ್ಟರ್ ಮಾತ್ರ ಹೊಸದನ್ನು ತಂದೆ.

ನಮ್ಮ 43 ಇಂಚಿನ ಎಲ್‌ಇಡಿ ಟಿವಿಗೆ ಹಳದಿ ಪಿನ್ನಿನ ಕೇಬಲ್ ಜೋಡಿಸಿದಾಗ ಚಿತ್ರ ಚೆನ್ನಾಗಿಯೇ ಬಂದಿತು ಮತ್ತು ಮಾರಿಯೋ ಆಟವೂ ಸರಾಗವಾಗಿ ನಡೆಯಿತು. ಆದರೆ ಬಾತುಕೋಳಿ ಬೇಟೆಯ ಡಕ್ ಹಂಟ್ ಹಾಕಿದರೆ, ಪರದೆಗೆ ನಳಿಗೆ ತಾಗಿಸಿ ಹೊಡೆದರೂ ಒಂದು ಹಕ್ಕಿಯೂ ಬೀಳುವುದಿಲ್ಲ. ಟ್ರಿಗರ್ ಎಳೆದಾಗ ಪರದೆ ಕ್ಷಣಮಾತ್ರ ಕಪ್ಪಾಗುವುದು ಕಾಣುತ್ತದೆ, ಆದ್ದರಿಂದ ಗುಂಡಿ ಕೆಲಸ ಮಾಡುತ್ತಿದೆ ಎಂದುಕೊಂಡಿದ್ದೇನೆ. ಟಿವಿಯಲ್ಲಿ ಗೇಮ್ ಮೋಡ್ ಹಾಕಿ ನೋಡಿದರೂ ವ್ಯತ್ಯಾಸವಾಗಲಿಲ್ಲ.

ಬಂದೂಕು ಕೆಟ್ಟಿದೆಯೇ, ಅಥವಾ ಟಿವಿಯ ತೊಂದರೆಯೇ? ಹಳೆಯ ಟ್ಯೂಬ್ ಟಿವಿಯೇ ಬೇಕು ಎನ್ನುವುದಾದರೆ ಎಂಥದ್ದನ್ನು ನೋಡಿ ತರಬೇಕು? ಇದರ ಜೊತೆಗೆ, ನನ್ನ ಸೋದರಮಾವನ ಮಗ ಒಂದು ಪ್ಲೇಸ್ಟೇಷನ್ 2 ಮತ್ತು ಅದರ ಗನ್‌ಕಾನ್ 2 ಬಂದೂಕನ್ನು ಕೊಡುತ್ತೇನೆ ಎನ್ನುತ್ತಿದ್ದಾನೆ. ಅದಾದರೂ ಹೊಸ ಟಿವಿಯಲ್ಲಿ ನಡೆಯುತ್ತದೆಯೇ ಎಂದು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ. ಅಣ್ಣನ ಮಗಳಿಗೆ ಒಂದು ಹಕ್ಕಿಯನ್ನಾದರೂ ಹೊಡೆದು ತೋರಿಸಬೇಕೆಂಬ ಆಸೆ ನನಗೆ ತುಂಬಾ ಇದೆ.

ಗೆರೆ_ಗೆರೆಯಾಗಿ (ಮೈಸೂರು):

ನಿಮ್ಮ ಬಂದೂಕು ಸರಿಯಿದ್ದರೂ ಎಲ್‌ಇಡಿ ಟಿವಿಯಲ್ಲಿ ಅದು ನಡೆಯುವುದಿಲ್ಲ, ಆದ್ದರಿಂದ ಅದನ್ನು ಕೆಟ್ಟಿದೆಯೆಂದು ಎಸೆಯಬೇಡಿ. ನಾನು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವನು. ಈ ಬಂದೂಕು ನನ್ನ ಅಚ್ಚುಮೆಚ್ಚಿನ ಉದಾಹರಣೆಗಳಲ್ಲಿ ಒಂದಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಬಂದೂಕಿನಿಂದ ಪರದೆಗೆ ಏನೂ ಹೋಗುವುದಿಲ್ಲ. ಬೆಳಕು ಬರುವುದು ಪರದೆಯಿಂದ ಬಂದೂಕಿಗೆ. ನಳಿಗೆಯೊಳಗೆ ಒಂದು ಮಸೂರವೂ ಅದರ ಹಿಂದೆ ಬೆಳಕನ್ನು ಗ್ರಹಿಸುವ ಒಂದು ಡಯೋಡೂ ಇರುತ್ತವೆ. ನೀವು ಟ್ರಿಗರ್ ಎಳೆದ ಕೂಡಲೇ ಯಂತ್ರವು ಒಂದು ಚೌಕಟ್ಟಿನಷ್ಟು (ಟಿವಿಯಲ್ಲಿ ಒಂದರ ಹಿಂದೊಂದು ಮೂಡುವ ಚಿತ್ರಗಳಲ್ಲಿ ಒಂದು, ಅಂದರೆ ಫ್ರೇಮ್) ಕಾಲ ಇಡೀ ಪರದೆಯನ್ನು ಕಪ್ಪಾಗಿಸಿ, ಮುಂದಿನ ಚೌಕಟ್ಟಿನಲ್ಲಿ ಹಕ್ಕಿ ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕವನ್ನು ಬರೆಯುತ್ತದೆ. ಎರಡು ಹಕ್ಕಿಗಳಿದ್ದರೆ ಎರಡನೆಯದರ ಚೌಕವು ಅದರ ನಂತರದ ಚೌಕಟ್ಟಿನಲ್ಲಿ ಬರುತ್ತದೆ. ಪ್ರತಿ ಸಲವೂ ಯಂತ್ರವು ಬಂದೂಕನ್ನು "ಈಗ ಬೆಳಕು ಕಂಡಿತೇ?" ಎಂದಷ್ಟೇ ಕೇಳುತ್ತದೆ, ಬಂದೂಕು ಹೌದು ಅಥವಾ ಇಲ್ಲ ಎನ್ನುತ್ತದೆ. ಯಾವ ಚೌಕಟ್ಟಿನಲ್ಲಿ ಹೌದು ಎಂದಿತು ಎನ್ನುವುದರಿಂದಲೇ ಯಾವ ಹಕ್ಕಿ ಬಿತ್ತೆಂದು ತೀರ್ಮಾನವಾಗುತ್ತದೆ. ನೀವು ಎಲ್ಲಿಗೆ ಗುರಿಯಿಟ್ಟಿದ್ದೀರಿ ಎಂಬುದು ಯಂತ್ರಕ್ಕೆ ತಿಳಿಯುವುದೇ ಇಲ್ಲ, ಬೆಳಕು ಯಾವಾಗ ಕಂಡಿತು ಎಂಬುದಷ್ಟೇ ತಿಳಿಯುತ್ತದೆ. 1984ರಲ್ಲಿ ಇಷ್ಟು ಕಡಿಮೆ ಖರ್ಚಿನ ಬಿಡಿಭಾಗಗಳಿಂದ ಇಂಥದ್ದನ್ನು ಸಾಧಿಸಿದವರ ಜಾಣ್ಮೆಯನ್ನು ನೆನೆದರೆ ನನಗೆ ಇಂದಿಗೂ ಬೆರಗಾಗುತ್ತದೆ.

ನಮ್ಮ ದೇಶದ ಹಳೆಯ ಟಿವಿಗಳ ಪಾಲ್ ಎಂಬ ಸಂಕೇತ ಪದ್ಧತಿಯಲ್ಲಿ ಸೆಕೆಂಡಿಗೆ 50 ಚೌಕಟ್ಟುಗಳು, ಅಂದರೆ ಒಂದಕ್ಕೆ 20 ಮಿಲಿಸೆಕೆಂಡು. ಟ್ಯೂಬ್ ಟಿವಿಯು ಬಂದ ಸಂಕೇತವನ್ನು ಆ ಕ್ಷಣದಲ್ಲೇ ಪರದೆಯ ಮೇಲೆ ಬರೆಯುತ್ತದೆ. ಎಲ್‌ಇಡಿ ಟಿವಿಯಾದರೋ ಮೊದಲು ಅದನ್ನು ಡಿಜಿಟಲ್ ರೂಪಕ್ಕೆ ತಂದು, ನೆನಪಿನಲ್ಲಿಟ್ಟುಕೊಂಡು, ದೊಡ್ಡದು ಮಾಡಿ, ಆಮೇಲೆ ತೋರಿಸುತ್ತದೆ. ಬಿಳಿ ಚೌಕ ಪರದೆಗೆ ಬರುವ ಹೊತ್ತಿಗೆ ಯಂತ್ರದ ಪ್ರಶ್ನೆಯ ಸಮಯ ಮುಗಿದುಹೋಗಿರುತ್ತದೆ. ಗೇಮ್ ಮೋಡ್ ಈ ವಿಳಂಬವನ್ನು ಕಡಿಮೆ ಮಾಡುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ.

ಒಂದು ವೇಳೆ ವಿಳಂಬವೇ ಇಲ್ಲದಂತಾದರೂ ಇನ್ನೊಂದು ಅಡ್ಡಿ ಉಳಿಯುತ್ತದೆ. ಟ್ಯೂಬಿನಲ್ಲಿ ಎಲೆಕ್ಟ್ರಾನ್ ಕಿರಣವು ಸೆಕೆಂಡಿಗೆ 15,625 ಗೆರೆಗಳನ್ನು ಎಳೆಯುತ್ತದೆ ಮತ್ತು ಪ್ರತಿ ಚುಕ್ಕೆಯೂ ಕ್ಷಣಕಾಲ ಹೊಳೆದು ಮಂಕಾಗುತ್ತದೆ. ಬಲ್ಬಿನ ಬೆಳಕಿಗೆ ಮೋಸಹೋಗಬಾರದೆಂದು ನಿಂಟೆಂಡೊದ ಮೂಲ ಝ್ಯಾಪರ್ ಬಂದೂಕಿನಲ್ಲಿ ಸುಮಾರು 15 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 15,000 ಬಾರಿ, ಮಿಡಿಯುವ ಬೆಳಕನ್ನು ಮಾತ್ರ ಒಪ್ಪುವ ಸೋಸುವ ಸರ್ಕ್ಯೂಟ್ ಇಟ್ಟಿದ್ದಾರೆ. ಎಲ್‌ಇಡಿ ಪರದೆಯಲ್ಲಿ ಹರಿಯುವ ಕಿರಣವಿಲ್ಲ, ಆ ಮಿಡಿತವೂ ಇಲ್ಲ. ಕೆಲವು ಹವ್ಯಾಸಿಗಳು ಆಟದ ಪ್ರೋಗ್ರಾಮಿನಲ್ಲಿ ವಿಳಂಬವನ್ನು ಸೇರಿಸಿ, ಬಂದೂಕಿನ ಸರ್ಕ್ಯೂಟನ್ನೂ ಬದಲಿಸಿ ಎಲ್‌ಸಿಡಿಯಲ್ಲಿ ಹಕ್ಕಿ ಹೊಡೆದಿದ್ದಾರೆ. ಆದರೆ ಒಂದೊಂದು ಟಿವಿಯ ವಿಳಂಬ ಒಂದೊಂದು ರೀತಿ ಇರುವುದರಿಂದ ಅದನ್ನು ಪ್ರತಿ ಟಿವಿಗೂ ಹೊಂದಿಸಬೇಕಾಗುತ್ತದೆ. ನಿಮ್ಮಲ್ಲಿರುವ ಮೂಲ ಕ್ಯಾಸೆಟ್ಟಿಗೆ ಅದು ಅನ್ವಯಿಸುವುದಿಲ್ಲ.

ಪಿಕ್ಚರ್_ಟ್ಯೂಬ್ (ಶಿವಮೊಗ್ಗ):

ಮೇಲಿನ ಮೇಷ್ಟ್ರು ಹೇಳಿದ್ದೆಲ್ಲ ಸರಿಯಾಗಿದೆ. ನಾನು ಇಪ್ಪತ್ತೈದು ವರ್ಷದಿಂದ ಟಿವಿ ರಿಪೇರಿ ಅಂಗಡಿ ನಡೆಸುತ್ತಿರುವುದರಿಂದ, ಕೊಳ್ಳುವಾಗ ನೋಡಬೇಕಾದದ್ದನ್ನು ಹೇಳುತ್ತೇನೆ.

ಸಾಧಾರಣ 14 ಅಥವಾ 21 ಇಂಚಿನ, 50 ಹರ್ಟ್ಸ್‌ನ ಟ್ಯೂಬ್ ಟಿವಿಯೇ ನಿಮಗೆ ಬೇಕಾದದ್ದು. ದುಬಾರಿಯಾದದ್ದು ಇದಕ್ಕೆ ಉತ್ತಮ ಎಂದು ಭಾವಿಸಬೇಡಿ. ಟ್ಯೂಬ್ ಟಿವಿಗಳ ಕೊನೆಗಾಲದಲ್ಲಿ ಬಂದ, ಮುಂಭಾಗದಲ್ಲಿ 100 ಹರ್ಟ್ಸ್ ಎಂದು ಬರೆದಿರುವ ದೊಡ್ಡ ಸೆಟ್ಟುಗಳು ಚಿತ್ರವನ್ನು ಡಿಜಿಟಲ್ ಮಾಡಿ ಎರಡೆರಡು ಬಾರಿ ತೋರಿಸುತ್ತವೆ, ಗೆರೆಗಳ ವೇಗವೂ ಇಮ್ಮಡಿಯಾಗುತ್ತದೆ. ಅವುಗಳ ಮುಂದೆ ನಿಮ್ಮ ಬಂದೂಕು ಎಲ್‌ಇಡಿಯ ಮುಂದೆ ಸೋತಂತೆಯೇ ಸೋಲುತ್ತದೆ. ಗಾಜು ಉಬ್ಬಿದೆಯೋ ಚಪ್ಪಟೆಯೋ ಎಂಬುದು ಮುಖ್ಯವಲ್ಲ.

ಗೇಮ್ ಮತ್ತು ಟಿವಿಯ ನಡುವೆ ಎಚ್‌ಡಿಎಂಐ ಪರಿವರ್ತಕದಂಥ ಯಾವ ಡಬ್ಬಿಯನ್ನೂ ಸೇರಿಸಬೇಡಿ, ಅವೂ ಚಿತ್ರವನ್ನು ತಡೆದು ಕಳುಹಿಸುತ್ತವೆ. ಹಳದಿ ಪಿನ್ ಇಲ್ಲದ ಹಳೆಯ ಸೆಟ್ಟಾದರೆ ಆಂಟೆನಾ ಪಿನ್ನಿನಲ್ಲೇ ಕೊಟ್ಟು ಚಾನೆಲ್ ಟ್ಯೂನ್ ಮಾಡಿ. ಚಿತ್ರ ಸ್ವಲ್ಪ ಮಸುಕಾದರೂ ಅಲ್ಲಿ ವಿಳಂಬವಿರುವುದಿಲ್ಲ. ಬೇರೆ ದೇಶದ 60 ಹರ್ಟ್ಸ್ ಯಂತ್ರವನ್ನು ಜೋಡಿಸಿದಾಗ ಕೆಲವು ಸೆಟ್ಟುಗಳಲ್ಲಿ ಬಣ್ಣ ಹೋಗಿ ಕಪ್ಪು-ಬಿಳುಪಾಗುತ್ತದೆ, ಅದಕ್ಕೂ ಹೆದರಬೇಕಿಲ್ಲ, ಬಂದೂಕಿಗೆ ಬೇಕಾದದ್ದು ಬೆಳಕು ಮಾತ್ರ, ಬಣ್ಣವಲ್ಲ. ಬ್ರೈಟ್‌ನೆಸ್ ಮತ್ತು ಕಾಂಟ್ರಾಸ್ಟ್ ಏರಿಸಿ, ಪರದೆಯ ಮೇಲೆ ಕಿಟಕಿಯ ಬೆಳಕು ಬೀಳದಂತೆ ಮಾಡಿ, ಐದಾರು ಅಡಿ ದೂರದಿಂದ ಹೊಡೆಯಿರಿ.

ಇಷ್ಟಾದರೂ ಬೀಳದಿದ್ದರೆ ಬಂದೂಕಿನ ತಿರುಪು ಬಿಚ್ಚಿ ಮಸೂರವನ್ನು ಒರೆಸಿ. ನಮ್ಮ ಮಲೆನಾಡಿನಲ್ಲಂತೂ ಒಂದೆರಡು ಮಳೆಗಾಲ ಕಳೆದರೆ ಗಾಜಿಗೂ ಪ್ಲಾಸ್ಟಿಕ್ಕಿಗೂ ಬೂಷ್ಟು ಹಿಡಿಯುತ್ತದೆ. ಬಂದೂಕನ್ನು ಬಿಚ್ಚುವುದರಿಂದ ಅಪಾಯವಿಲ್ಲ. ಆದರೆ ಟಿವಿಯ ಹಿಂಬದಿಯನ್ನು ಮಾತ್ರ ದಯವಿಟ್ಟು ಬಿಚ್ಚಬೇಡಿ. ಬಣ್ಣದ ಟ್ಯೂಬಿಗೆ 20,000 ವೋಲ್ಟಿಗಿಂತ ಹೆಚ್ಚಿನ ವಿದ್ಯುತ್ ಹೋಗುತ್ತದೆ ಮತ್ತು ಪ್ಲಗ್ ಕಿತ್ತ ಮೇಲೂ ಅದು ಟ್ಯೂಬಿನಲ್ಲಿ ಉಳಿದಿರಬಹುದು. ಕೈಪಳಗಿದ ಮೆಕ್ಯಾನಿಕ್ಕುಗಳೇ ಇದರಿಂದ ಪೆಟ್ಟು ತಿಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಸೆಟ್ಟನ್ನು ಇಬ್ಬರು ಸೇರಿ ಹೊರಿ. ಅದರ ಭಾರವೆಲ್ಲ ಗಾಜಿನ ಕಡೆಗೇ ಇರುವುದರಿಂದ ಪರದೆಯನ್ನು ಎದೆಗೆ ಒರಗಿಸಿಕೊಂಡು ಎತ್ತಬೇಕು.

ಕೊನೆಯ_ಗುಂಡು (ಮೆಲ್ಬರ್ನ್):

ಪ್ಲೇಸ್ಟೇಷನ್ ಬಂದೂಕಿನ ಬಗ್ಗೆ ಉತ್ತರಿಸುತ್ತೇನೆ, ಏಕೆಂದರೆ ನನ್ನ ಬಳಿ ಎರಡೂ ಪೀಳಿಗೆಯವು ಇವೆ. ಗನ್‌ಕಾನ್ 2 ನಿಮ್ಮ ಎಲ್‌ಇಡಿ ಟಿವಿಯಲ್ಲಿ ನಡೆಯುವುದಿಲ್ಲ. ಅದು ಝ್ಯಾಪರ್‌ಗಿಂತ ಸೂಕ್ಷ್ಮವಾದ ಸಾಧನ. ಹಕ್ಕಿಗೊಂದು ಬಿಳಿ ಚೌಕ ಬರೆದು ಕೇಳುವ ಬದಲು, ಕಿರಣವು ಪರದೆಯ ಮೇಲ್ತುದಿಯಿಂದ ಹೊರಟು ನಳಿಗೆಯ ಎದುರಿನ ಚುಕ್ಕೆಗೆ ಬರಲು ಎಷ್ಟು ಸಮಯ ಹಿಡಿಯಿತು ಎಂದು ಅಳೆದು, ಅಡ್ಡ ಮತ್ತು ಉದ್ದದ ಸ್ಥಾನವನ್ನು ಲೆಕ್ಕ ಹಾಕುತ್ತದೆ. ಕಿರಣ ಎಲ್ಲಿಂದ ಹೊರಟಿತೆಂದು ತಿಳಿಯಲು ಅದಕ್ಕೆ ವಿಡಿಯೋ ಸಂಕೇತವೇ ಬೇಕು. ಅದಕ್ಕಾಗಿಯೇ ಬಂದೂಕಿನ ವೈರಿನಲ್ಲಿ ಯುಎಸ್‌ಬಿ ಪ್ಲಗ್ಗಿನ ಜೊತೆಗೆ ಒಂದು ಹಳದಿ ಪಿನ್ನೂ ಇರುತ್ತದೆ. ಕಂಪನಿ ಬಂದೂಕನ್ನು ಕೊಂಡು ಆ ಹಳದಿ ಪಿನ್ನನ್ನು ಜೋಡಿಸದೆ, ಕೆಟ್ಟಿದೆ ಎಂದು ಮಾರಿದವರನ್ನು ನಾನು ಬಲ್ಲೆ. ಹಾಗೆ ಮಾರಿದ ಒಂದು ಇಂದು ನನ್ನ ಬಳಿಯೇ ಇದೆ, ಚೆನ್ನಾಗಿಯೂ ಇದೆ.

ಇನ್ನೊಂದು ಗೊಂದಲವನ್ನು ಈಗಲೇ ತಪ್ಪಿಸಿಕೊಳ್ಳಿ. ಗನ್‌ಕಾನ್ 2 ಯುಎಸ್‌ಬಿ ಬಂದೂಕಾದ್ದರಿಂದ, ಪ್ಲೇಸ್ಟೇಷನ್ 2ರಲ್ಲೇ ಹಾಕಿದರೂ ಮೊದಲ ಪ್ಲೇಸ್ಟೇಷನ್ನಿನ ಟೈಮ್ ಕ್ರೈಸಿಸ್ ಎಂಬ ಬಂದೂಕಿನ ಆಟದ ಡಿಸ್ಕ್ ಅದನ್ನು ಗುರುತಿಸುವುದಿಲ್ಲ. ಆ ಆಟಕ್ಕೆ ಜಾಯ್‌ಸ್ಟಿಕ್ ಪೋರ್ಟಿಗೆ ಜೋಡಿಸುವ ಹಳೆಯ ಗನ್‌ಕಾನ್ ಬೇಕು. ಆದರೆ 2001ರ ಟೈಮ್ ಕ್ರೈಸಿಸ್ 2 ಎರಡನ್ನೂ ಒಪ್ಪುತ್ತದೆ. ಕೊನಾಮಿಯ ಜಸ್ಟಿಫೈಯರ್ ಬಂದೂಕಂತೂ ಬೇರೆಯದೇ ಜಾತಿ. ಆದ್ದರಿಂದ ಡಿಸ್ಕ್ ಕೊಳ್ಳುವ ಮೊದಲು ಡಬ್ಬಿಯ ಹಿಂಭಾಗದಲ್ಲಿ ಯಾವ ಬಂದೂಕಿನ ಚಿತ್ರವಿದೆ ಎಂದು ನೋಡಿ.

ಹೊಸ ಟಿವಿಯನ್ನೇ ಬಳಸುವ ಹಟವಿದ್ದರೆ, ಪರದೆಯ ಬೆಳಕನ್ನು ನಂಬದ ಸಾಧನಗಳನ್ನು ಹುಡುಕಬೇಕು. ನಿಂಟೆಂಡೊ ವೀ ಯಂತ್ರದಲ್ಲಿ ಟಿವಿಯ ಮೇಲಿಡುವ ಪಟ್ಟಿಯಿಂದ ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕು ಹೊಮ್ಮುತ್ತದೆ ಮತ್ತು ರಿಮೋಟಿನಲ್ಲಿರುವ ಕ್ಯಾಮೆರಾ ಅದನ್ನು ನೋಡಿ ದಿಕ್ಕು ಹಿಡಿಯುತ್ತದೆ. ಆ ಪಟ್ಟಿ ಹಾಳಾದಾಗ ನಾನು ಎರಡು ಮೇಣದಬತ್ತಿ ಹಚ್ಚಿಟ್ಟು ಆಡಿದ್ದುಂಟು. ಡಕ್ ಹಂಟ್ ಕೂಡ 2014ರಲ್ಲಿ ವೀ ಯು ಯಂತ್ರಕ್ಕೆ ಇದೇ ಕ್ರಮದಲ್ಲಿ ಬಂದಿತು. ಪ್ಲೇಸ್ಟೇಷನ್ 3ರ ಗನ್‌ಕಾನ್ 3 ಸಹ ಟಿವಿಯ ಬಳಿ ಇಡುವ ಅವಕೆಂಪು ದೀಪಗಳನ್ನೇ ನೆಚ್ಚಿದೆ. ಕಂಪ್ಯೂಟರಿನಲ್ಲಿ ಆಡುವುದಾದರೆ ಸಿಂಡೆನ್ ಎಂಬ ಬಂದೂಕಿದೆ, ಅದು ಚಿತ್ರದ ಸುತ್ತ ಬಿಡಿಸಿದ ಬಿಳಿ ಅಂಚನ್ನು ಕ್ಯಾಮೆರಾದಿಂದ ನೋಡಿ ಗುರಿಯನ್ನು ತಿಳಿಯುತ್ತದೆ. ಇವೆಲ್ಲ ಒಳ್ಳೆಯ ಸಾಧನಗಳೇ. ಆದರೆ ನಿಮ್ಮ ತಂದೆಯವರು ಕೊಡಿಸಿದ ಬಂದೂಕಿನಲ್ಲೇ ಹೊಡೆಯಬೇಕಾದರೆ ಶಿವಮೊಗ್ಗದವರು ಹೇಳಿದಂತೆ ಟ್ಯೂಬ್ ಟಿವಿ ಹುಡುಕುವುದೊಂದೇ ದಾರಿ.

ಅಟ್ಟದ_ಟ್ರಂಕು (ಹಾಸನ):

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಸಕಲೇಶಪುರದಲ್ಲಿರುವ ಚಿಕ್ಕಮ್ಮನ ಮನೆಯಲ್ಲಿ 21 ಇಂಚಿನ ಟ್ಯೂಬ್ ಟಿವಿ ಇನ್ನೂ ಇದೆ ಎಂದು ತಿಳಿದು, ಭಾನುವಾರ ಟ್ರಂಕಿನ ಸಮೇತ ಅಲ್ಲಿಗೆ ಹೋದೆವು. ಮೊದಲು ಅಲ್ಲಿಯೂ ಒಂದು ಹಕ್ಕಿಯೂ ಬೀಳಲಿಲ್ಲ, ನನಗೆ ಬಹಳ ನಿರಾಸೆಯಾಯಿತು. ಆಮೇಲೆ ಬಂದೂಕಿನ ತಿರುಪುಗಳನ್ನು ಬಿಚ್ಚಿ ಎರಡು ಹೋಳು ಮಾಡಿ ನೋಡಿದರೆ, ನಳಿಗೆಯ ಒಳಗೆ, ಮಸೂರಕ್ಕೆ ಅಂಟಿಕೊಂಡಂತೆ, ಕಣಜವೊಂದು ಕಟ್ಟಿದ ಮಣ್ಣಿನ ಗೂಡು ಇತ್ತು. ಹೆಬ್ಬೆರಳಿನಷ್ಟು ದಪ್ಪ, ಒಣಗಿ ಕಲ್ಲಾಗಿತ್ತು. ಅಟ್ಟದಲ್ಲಿ ಎಷ್ಟು ವರ್ಷದಿಂದ ಹಾಗಿತ್ತೋ! ಒದ್ದೆ ಬಟ್ಟೆಯಿಂದ ನೆನೆಸಿ, ಪೊರಕೆ ಕಡ್ಡಿಯಿಂದ ಮೆಲ್ಲಗೆ ಬಿಡಿಸಿ, ಮಸೂರವನ್ನು ಕನ್ನಡಕ ಒರೆಸುವ ಬಟ್ಟೆಯಿಂದ ಒರೆಸಿ ಜೋಡಿಸಿದೆ. ಎರಡನೇ ಗುಂಡಿಗೆ ಹಕ್ಕಿ ಬಿತ್ತು. ಅಣ್ಣನ ಮಗಳು ಐದನೇ ಸುತ್ತಿನವರೆಗೂ ಹೋದಳು, ಆಮೇಲೆ ಚಿಕ್ಕಮ್ಮನೂ ಬಂದೂಕು ಹಿಡಿದರು.

ಟಿವಿಯನ್ನು ಅವರು ನಮಗೇ ಕೊಟ್ಟಿದ್ದಾರೆ, ನಿನ್ನೆ ಹಾಸನಕ್ಕೆ ತಂದೆವು. ಆದರೆ ಇಲ್ಲಿ ಇಟ್ಟ ಮೇಲೆ ಪರದೆಯ ಎಡಗಡೆಯ ಕೆಳಮೂಲೆಯಲ್ಲಿ ಹಸಿರು ಕಲೆಯೊಂದು ಕಾಣುತ್ತಿದೆ. ಸಾಗಿಸುವಾಗ ಟ್ಯೂಬಿಗೆ ಏನಾದರೂ ಆಯಿತೇ ಎಂಬ ಚಿಂತೆಯಾಗಿದೆ.

ಪಿಕ್ಚರ್_ಟ್ಯೂಬ್ (ಶಿವಮೊಗ್ಗ):

ಹಕ್ಕಿ ಬಿದ್ದ ಸುದ್ದಿ ಓದಿ ತುಂಬಾ ಸಂತೋಷವಾಯಿತು. ಆ ಕಲೆಗೆ ಗಾಬರಿಯಾಗಬೇಡಿ. ಎಡಗಡೆ ಸ್ಪೀಕರ್ ಏನಾದರೂ ಇಟ್ಟಿದ್ದೀರಾ ನೋಡಿ. ಅದರ ಅಯಸ್ಕಾಂತದಿಂದ ಹೀಗಾಗುವುದು ಸಾಮಾನ್ಯ. ಸ್ಪೀಕರನ್ನು ಮೂರು ಅಡಿ ದೂರ ಸರಿಸಿ, ಟಿವಿಯನ್ನು ರಿಮೋಟಿನಿಂದಲ್ಲದೆ ಮೇನ್ ಸ್ವಿಚ್ಚಿನಿಂದಲೇ ಆರಿಸಿ, ಅರ್ಧ ಗಂಟೆ ತಣ್ಣಗಾಗಲು ಬಿಟ್ಟು ಮತ್ತೆ ಹಾಕಿ. ಆಗ ಟ್ಯೂಬಿನ ಸುತ್ತ ಇರುವ ಕಾಯಿಲ್ "ಡುಂಯ್" ಎಂದು ಸದ್ದು ಮಾಡಿ ಅಯಸ್ಕಾಂತತೆಯನ್ನು ತೆಗೆಯುತ್ತದೆ. ಒಂದೇ ಸಲಕ್ಕೆ ಹೋಗದಿದ್ದರೆ ಇದನ್ನೇ ಎರಡು ಮೂರು ದಿನ ಮಾಡಿ. ಆಮೇಲೂ ಉಳಿದರೆ ನಿಮ್ಮೂರಿನ ಹಳೆಯ ಟಿವಿ ಮೆಕ್ಯಾನಿಕ್ ಒಬ್ಬರನ್ನು ಕರೆಸಿ. ಕೈಯಲ್ಲಿ ಹಿಡಿದು ತಿರುಗಿಸುವ ಕಾಯಿಲ್ ಅವರ ಬಳಿ ಇದ್ದೇ ಇರುತ್ತದೆ.