ಜಾವಾ ಬೈಕ್ ಟ್ಯಾಂಕಿನ ಚಿನ್ನದ ಗೀಟು ಮೂರನೇ ಸಲ ಸುಕ್ಕಾಯಿತು!

ಕಿಕ್ಕೇ_ಗೇರು:
ತಲೆ ಕೆಟ್ಟಿದೆ. ಟ್ಯಾಂಕಿಗೆ ಮೆರೂನ್ ಹೊಡೆಸಿದೆ, ಕನ್ನಡಿ ಹಾಗೆ ಬಂತು. ಮೇಲೆ ಚಿನ್ನದ ಗೀಟು, ಅದೂ ಚೆನ್ನಾಗಿತ್ತು. ಅದರ ಮೇಲೆ ಕ್ಲಿಯರ್, ಅಂದರೆ ಬಣ್ಣವಿಲ್ಲದ ಹೊಳಪಿನ ಕೋಟ್, ಹೊಡೆದ ಹತ್ತೇ ನಿಮಿಷಕ್ಕೆ ಗೀಟು ಮಾತ್ರ ಹಾಲಿನ ಕೆನೆ ಥರ ಸುಕ್ಕುಗಟ್ಟಿತು. ಪೇಂಟರ್ ಫೋನೇ ಎತ್ತುತ್ತಿಲ್ಲ. ಜುಲೈ ಎರಡನೇ ಭಾನುವಾರ ಜಾವಾ ದಿನ, ಜಾವಾ ಗಾಡಿಯವರೆಲ್ಲ ಸೇರುತ್ತಾರೆ. ಅಷ್ಟರಲ್ಲಿ ಫ್ಯಾಕ್ಟರಿಯಿಂದ ಬಂದ ಹಾಗೆ ಕಾಣಬೇಕು. ಏನು ಮಾಡಲಿ?

ಯಾದವಗಿರಿ_ಹೊಗೆ:
ಯಾವ ವರ್ಷದ ಗಾಡಿ? ಯಾವ ಪೇಂಟು, ಬೇಗ ಒಣಗುವ ಎನ್‌ಸಿನಾ (ನೈಟ್ರೋಸೆಲ್ಯುಲೋಸ್), ಹಾರ್ಡ್‌ನರ್ ಬೆರೆಸುವ ಪಿಯುನಾ (ಪಾಲಿಯುರಿಥೇನ್)? ಅದನ್ನೇ ಹೇಳಿಲ್ಲವಲ್ಲ ಸಾರ್.

ಡಬಲ್_ಸೈಲೆನ್ಸರ್:
ಪೇಂಟ್ ಹೊಡೆಯುವ ಕಂಪ್ರೆಸರಿನಲ್ಲಿ ನೀರು. ನೂರಕ್ಕೆ ನೂರು. ಮಳೆಗಾಲ ಬೇರೆ.

ಕಿಕ್ಕೇ_ಗೇರು:
ಫಿಲ್ಟರ್ ಇದೆ. ಪೇಂಟು ಮಾಮೂಲಿದೇ.

ಡಬಲ್_ಸೈಲೆನ್ಸರ್:
ಫಿಲ್ಟರ್ ಇದ್ದರೂ ನೀರು ಬರುತ್ತದೆ. ನನ್ನ ಮಡ್‌ಗಾರ್ಡಿಗೂ ಹೀಗೇ ಆಗಿತ್ತು. ಮೊದಲು ನೀರು ಬಿಡಿಸಿ, ಆಮೇಲೆ ಮಾತಾಡಿ.

ಯಾದವಗಿರಿ_ಹೊಗೆ:
ನೀರಾದರೆ ಬೆಳ್ಳಗೆ ಮಂಜು ಕಟ್ಟುತ್ತದೆ, ಇಲ್ಲಾ ಗುಳ್ಳೆ ಏಳುತ್ತದೆ. ಗೀಟನ್ನಷ್ಟೇ ಹುಡುಕಿಕೊಂಡು ಹೋಗಿ ಕೂರುತ್ತಾ ನೀರು?

ಹಳೇ_ಮೆರೂನ್:
ಸುಮ್ನೆ ಸ್ಟಿಕರ್ ಹಾಕಿಸಿ ಅಂತ ಮಾತ್ರ ಯಾರೂ ಹೇಳಬೇಡಿ. ನಮ್ಮಪ್ಪನ 1969ರ ಗಾಡಿಯಲ್ಲಿ ಕೈಗೀಟು ಇವತ್ತಿಗೂ ಬೆರಳಿಗೆ ತಟ್ಟುತ್ತದೆ. ಬ್ರಷ್ ಇಟ್ಟ ಕಡೆ ಒಂಚೂರು ದಪ್ಪ, ಎತ್ತಿದ ಕಡೆ ಸಣ್ಣ. ಸೀಟಿನ ಅಡಿ ಬಿಸಿಲು ಬೀಳದ ಜಾಗದಲ್ಲಿ ಮೆರೂನ್ ಹೊಸದರ ಹಾಗಿದೆ. ಫೋಟೋ ಹಾಕಲಾ? ಮೊದಲ ಕಿಕ್ಕಿಗೇ ಸ್ಟಾರ್ಟು.

ಡಬಲ್_ಸೈಲೆನ್ಸರ್:
ಮೊದಲ ಕಿಕ್ಕಿಗೆ ನನ್ನ ಎಜ್ಡಿನೂ ಆಗುತ್ತದೆ, ಬಿಡಿ.

ಯಾದವಗಿರಿ_ಹೊಗೆ:
ಕಿಕ್ ಕಥೆ ಆಮೇಲೆ. ಗೀಟು ಎಳೆದಿದ್ದು ಯಾರು, ಯಾವುದರಲ್ಲಿ?

ಕಿಕ್ಕೇ_ಗೇರು:
1971ರ ಗಾಡಿ. ಮೆರೂನು, ಕ್ಲಿಯರ್ರು ಎರಡೂ ಪಿಯು. ಗೀಟು ನಮ್ಮೂರಿನ ಬೋರ್ಡ್ ಬರೆಯುವವರು ಎಳೆದದ್ದು, ಡಬ್ಬಿ ಎನಾಮೆಲ್‌ನಲ್ಲಿ. ಸಂಜೆ ಗೀಟು, ಬೆಳಿಗ್ಗೆ ಕ್ಲಿಯರ್. ಮುಟ್ಟಿದರೆ ಒಣಗಿತ್ತು.

ಯಾದವಗಿರಿ_ಹೊಗೆ:
ಅಯ್ಯೋ, ಇದನ್ನು ಮೊದಲೇ ಹೇಳಬಾರದಾ! ಎನಾಮೆಲ್ ಮೇಲೆ ಒಣಗಿದ್ದರೂ ಒಳಗೆ ಹಸಿ ಇರುತ್ತದೆ. ಪಿಯು ಕ್ಲಿಯರಿನ ಥಿನ್ನರ್ ಒಳಗಿಳಿದು ಅದನ್ನು ಉಬ್ಬಿಸಿ ಎಬ್ಬಿಸುತ್ತದೆ. ನೀರೂ ಅಲ್ಲ, ಮಣ್ಣೂ ಅಲ್ಲ. ಸುಕ್ಕಾದದ್ದನ್ನೆಲ್ಲ ಉಜ್ಜಿ ತೆಗೆಸಿ. ಮೆರೂನ್, ಅದರ ಮೇಲೆ ಕ್ಲಿಯರ್. ಅದು ಪೂರ್ತಿ ಗಟ್ಟಿಯಾಗಲಿ. ಗೀಟು ಕೊನೆಗೆ. ಅದರ ಮೇಲೆ ಏನೂ ಹೊಡೆಸಬೇಡಿ. ಆಗಲೇ ಬೆರಳಿಗೆ ತಟ್ಟುವುದು.

ಡಬಲ್_ಸೈಲೆನ್ಸರ್:
ಗೋಲ್ಡ್ ಪೌಡರ್ ಕಲಸಿದ್ದರೆ? ಕ್ಲಿಯರ್ ಇಲ್ಲದೆ ಅದು ಕಪ್ಪಾಗುತ್ತದೆ. ಆಗ ನನ್ನನ್ನೇ ಕೇಳುತ್ತೀರಿ.

ಯಾದವಗಿರಿ_ಹೊಗೆ:
ಕಪ್ಪಾದರೆ ಇನ್ನೊಂದು ಸಲ ಎಳೆಸಲಿ. ಮೂರು ಸಲ ಆಗಿದೆಯಲ್ಲ, ಕೈ ಪಳಗಿದೆ.

ಹಳೇ_ಮೆರೂನ್:
ಆ ಬೋರ್ಡ್ ಬರೆಯುವವರು ಯಾವ ಊರು ಸಾರ್? ನನ್ನ ಇನ್ನೊಂದು ಗಾಡಿಯ ಟೂಲ್‌ಬಾಕ್ಸ್ ಬಾಕಿ ಇದೆ.