ಏನೂ ನಡೆಯದ ಕಥೆ ಸ್ತ್ರೀವಾದಿ ಕಥೆ ಹೇಗಾಗುತ್ತೆ?

ಕೊಪ್ಪಳದ ಓದುಗಿ:
ನಾವು ನಾಲ್ಕೈದು ಜನ ಸೇರಿ ತಿಂಗಳಿಗೊಂದು ಕಥೆ ಓದುತ್ತೇವೆ. ಈ ಸಲ ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ ಅವರ 'ದ ಮಾರ್ಕ್ ಆನ್ ದ ವಾಲ್' (1917). ಗೋಡೆ ಮೇಲೆ ಒಂದು ಕಲೆ ಕಾಣುತ್ತೆ, ಅದೇನಿರಬಹುದು ಅಂತ ಕುಳಿತಲ್ಲೇ ಯೋಚನೆ, ಅಲ್ಲಿಂದ ಮನಸ್ಸು ಎಲ್ಲೆಲ್ಲೋ ಹೋಗುತ್ತೆ, ಕಥೆ ಮುಗೀತು! ಇದನ್ನು ಸ್ತ್ರೀವಾದಿ ಕಥೆ ಅಂತಾರೆ. ಎಲ್ಲಿದೆ ಅದು? ಜಗಳ ಇಲ್ಲ, ಮದುವೆ ಇಲ್ಲ, ಅತ್ತೆ ಇಲ್ಲ. ಹೇಳೋದನ್ನು ನೇರವಾಗಿ ಹೇಳಬಹುದಿತ್ತು ಅಲ್ವಾ? ಸುಮ್ನೆ ಜಾಣತನ ತೋರಿಸೋಕೆ ಹೀಗೆ ಬರೀತಾರೆ ಅಂತ ನಮ್ಮಲ್ಲಿ ಅರ್ಧ ಜನ ಅಂದರು.

ರಾಯಚೂರು ಬಿಸಿಲು:
ನಡುವೆ ವಿಟೇಕರ್ ಪಟ್ಟಿ ಬರುತ್ತಲ್ಲ (ಇಂಗ್ಲೆಂಡಿನಲ್ಲಿ ಯಾರ ಸ್ಥಾನ ಯಾರಿಗಿಂತ ಮೇಲೆ ಅಂತ ಹೇಳೋ ಪಟ್ಟಿ), ಅದನ್ನು ಹಾರಿಸಿ ಓದಿದಿರಿ ಅನ್ಸುತ್ತೆ. ಆರ್ಚ್‌ಬಿಷಪ್ ಆದಮೇಲೆ ಲಾರ್ಡ್ ಚಾನ್ಸಲರ್, ಅವರಾದಮೇಲೆ ಇನ್ನೊಬ್ಬ ಆರ್ಚ್‌ಬಿಷಪ್. ನಮ್ಮ ಕಡೆ ಮದುವೆ ಊಟದಲ್ಲಿ ಮೊದಲ ಪಂಕ್ತಿಗೆ ಯಾರು ಕೂರಬೇಕು ಅನ್ನೋ ಲೆಕ್ಕದ ಹಾಗೆ. ಬದುಕಿನ ಅಳತೆಗೋಲು ಗಂಡಸರ ಕಣ್ಣಿನದು, ಈ ಪಟ್ಟಿಯೂ ಅದರದೇ, ಮೊದಲ ಮಹಾಯುದ್ಧ ಬಂದಮೇಲೆ ಅದು ಅರ್ಧ ದೆವ್ವ ಆಗಿಬಿಟ್ಟಿದೆ ಅನ್ನುವ ಮಾತು ಅಲ್ಲೇ ಇದೆ. ನೇರ ಮಾತೇ ಬೇಕಿದ್ದರೆ ಇದಕ್ಕಿಂತ ನೇರ ಏನು? ಆದರೆ ಸಾಲು ಹಚ್ಚಿ ನಿಲ್ಲಿಸೋ ಬುದ್ಧಿಯನ್ನು ಬೈಯುತ್ತಾ ಕಥೆಯನ್ನು ಮಾತ್ರ ಸಾಲಾಗಿ ಹೇಳಿದರೆ ಅದಕ್ಕೆ ಅರ್ಥ ಇರಲ್ಲ.

ಕಥೆ ಹೇಳೋರು ಎದ್ದು ನೋಡಿದ್ದರೆ ಕಲೆ ಏನು ಅಂತ ತಿಳೀತಿತ್ತು. ಬೇಕಂತಲೇ ಏಳೋದಿಲ್ಲ. ಕೊನೆಗೆ ಯಾರೋ ಬಂದು ಪೇಪರ್ ತರ್ತೀನಿ ಅಂತಾರೆ, ಯುದ್ಧಕ್ಕೆ ಶಾಪ ಹಾಕ್ತಾರೆ, ಅದು ಬಸವನಹುಳು ಅಂತ ಹೇಳಿಬಿಡ್ತಾರೆ. ಉತ್ತರ ಬಂತು, ಯೋಚನೆ ಸತ್ತಿತು. (ಬಂದವರು ಗಂಡಸು ಅಂತ ವುಲ್ಫ್ ಎಲ್ಲೂ ಹೇಳಿಲ್ಲ, ಆದರೂ ಎಲ್ಲರೂ ಗಂಡಸು ಅಂತಲೇ ಓದುತ್ತಾರೆ.) ಅಂದಹಾಗೆ ಇದು ಅಚ್ಚಾಗಿದ್ದು ವುಲ್ಫ್ ದಂಪತಿ ಮನೆಯಲ್ಲೇ ಇಟ್ಟುಕೊಂಡಿದ್ದ ಕೈ ಮುದ್ರಣ ಯಂತ್ರದಲ್ಲಿ. 'ಇದರಲ್ಲಿ ಕಥೆ ಎಲ್ಲಿ ತಾಯಿ' ಅಂತ ಕೇಳೋಕೆ ಸಂಪಾದಕನೇ ಇರಲಿಲ್ಲ.

ಬಳ್ಳಾರಿ ಕೋಟೆ:
ಒಪ್ಪಿದೆ, ಆದರೆ ಹೊಸದಾಗಿ ಓದೋರಿಗೆ ಮೊದಲೇ ವುಲ್ಫ್ ಕೊಡಬಾರದು. ಕ್ಯಾಥರಿನ್ ಮ್ಯಾನ್ಸ್‌ಫೀಲ್ಡ್ ಅವರ 'ಬ್ಲಿಸ್' (1918) ಕೊಡಿ. ಬರ್ತಾಗೆ ಮೂವತ್ತು ವರ್ಷ. ಕಾರಣವೇ ಇಲ್ಲದೆ ಅವತ್ತು ಖುಷಿ. ತನ್ನ ಮಗುವಿಗೆ ತಾನೇ ಉಣಿಸೋಕೆ ದಾದಿಯನ್ನು ಕೇಳಿಕೊಳ್ಳಬೇಕು, ಆದರೂ ಖುಷಿ. ಹೇಳೋದು 'ಅವಳು' ಅಂತಲೇ, ಮಾತು ಮಾತ್ರ ಪೂರ್ತಿ ಬರ್ತಾಳದು. ಹಾಗಾಗಿ ಅವಳು ನಂಬಿದ್ದನ್ನೆಲ್ಲ ನಾವೂ ನಂಬಿಕೊಂಡು ಹೋಗ್ತೀವಿ. ಕೊನೆಗೆ, ಬರ್ತಾ ಮೆಚ್ಚಿ ಊಟಕ್ಕೆ ಕರೆದ ಹೊಸ ಗೆಳತಿ ಮಿಸ್ ಫುಲ್ಟನ್ ಕಂಡರೆ ಆಗಲ್ಲ ಅನ್ನೋ ಹಾಗೆ ಇದ್ದ ಗಂಡ, ಅವಳಿಗೆ ಕೋಟು ಹಾಕಿಸುವ ಹೊತ್ತಲ್ಲಿ ಸಿಕ್ಕಿಬೀಳ್ತಾನೆ. ಲೇಖಕಿ ಬಂದು 'ಪಾಪ' ಅನ್ನೋದಿಲ್ಲ, ಅವನನ್ನು ಬೈಯೋದೂ ಇಲ್ಲ. ಮೋಸ ಹೋಗಿದ್ದು ಬರ್ತಾ ಒಬ್ಬಳೇ ಅಲ್ಲ, ನಾವೂ. ಆ ಪೆಟ್ಟು ಭಾಷಣದಿಂದ ಬರಲ್ಲ.

ಸಿಂಧನೂರಿನಿಂದ:
ಇಂಗ್ಲೆಂಡ್ ಸುತ್ತಿದ್ದು ಸಾಕು. ನಮ್ಮ ನವ್ಯ ಕಥೆಯಲ್ಲಿ (ಒಬ್ಬರ ಒಳಗಿನ ತಳಮಳವನ್ನೇ ಹಿಡಿದು ಬರೆದ ಆಧುನಿಕ ಕನ್ನಡ ಕಥೆ) ಒಳಮನಸ್ಸು ಅಂದರೆ ಹೆಚ್ಚಾಗಿ ಗಂಡಸಿನದು. ಅವನು ಒದ್ದಾಡ್ತಾನೆ, ಹೆಂಗಸು ಅವನ ಆಸೆಗೋ ಪಾಪಕ್ಕೋ ಗುರುತಾಗಿ ಬಂದು ಹೋಗ್ತಾಳೆ. ವೀಣಾ ಶಾಂತೇಶ್ವರ ಅದೇ ನವ್ಯದ ಉಪಕರಣ ಕೈಗೆ ತಗೊಂಡು ಓದಿದ, ಕೆಲಸಕ್ಕೆ ಹೋಗೋ ಹೆಣ್ಣಿನ ಆಸೆ, ಒಂಟಿತನ ಬರೆದರು. ವೈದೇಹಿ ಅವರ 'ಅಕ್ಕು' ಓದಿ. ತಲೆ ಕೆಟ್ಟಿದೆ ಅಂತ ಮನೆಯವರು ಬದಿಗಿಟ್ಟ ಹೆಂಗಸು, ಅವಳ ಅಡ್ಡಾದಿಡ್ಡಿ ಮಾತಲ್ಲೇ ಆ ಮನೆಯ ಬಣ್ಣ ಬಯಲಾಗುತ್ತೆ. ಅವರ ಕುಂದಾಪುರದ ಮಾತು ನಮ್ಮ ಕಡೆಯವರಿಗೆ ಮೊದಲು ಹತ್ತಲ್ಲ, ಜೋರಾಗಿ ಓದಿದರೆ ಹತ್ತುತ್ತೆ.

ಆದರೆ ಒಂದು ತಕರಾರು. ಕಥೆಯ ಸಾಲು ಮುರಿದು ಬರೆದದ್ದೆಲ್ಲ ಸ್ತ್ರೀವಾದ ಅಲ್ಲ, ನೇರವಾಗಿ ಬರೆದದ್ದು ಕಡಿಮೆಯೂ ಅಲ್ಲ. ಸಾರಾ ಅಬೂಬಕ್ಕರ್ ಮುಸ್ಲಿಂ ಹೆಣ್ಣುಮಕ್ಕಳ ಕಷ್ಟವನ್ನು ನೇರವಾಗಿಯೇ ಬರೆದರು, ಅದು ತಾಕಬೇಕಾದವರಿಗೆ ತಾಕಿತು.

ಕೊಪ್ಪಳದ ಓದುಗಿ:
ಪಟ್ಟಿ ಭಾಗ ಹಾರಿಸಿದ್ದು ನಿಜ, ಬೇಜಾರಾಗಿತ್ತು! ಮುಂದಿನ ತಿಂಗಳಿಗೆ 'ಬ್ಲಿಸ್', 'ಅಕ್ಕು' ಎರಡನ್ನೂ ಇಡ್ತೀನಿ. ಸಿಂಧನೂರಿನವರ ತಕರಾರು ಮಾತ್ರ ನಮ್ಮ ಗುಂಪಿನಲ್ಲಿ ಈಗಲೇ ಹೇಳಲ್ಲ, ಹೇಳಿದರೆ ಆ ಅರ್ಧ ಜನ ಅದನ್ನೇ ಹಿಡಕೊಂಡು ಕಥೆ ಓದೋದೇ ಬಿಡ್ತಾರೆ.