ಕೊರಿಯನ್ ಸ್ಟೂಡೆಂಟ್ಸ್‌ಗೆ ಮಸ್ಟ್, ಶುಡ್, ಹ್ಯಾಡ್ ಬೆಟರ್ ಹೆಂಗಪ್ಪಾ ಹೇಳ್ಕೊಡೋದು?

ಟ್ಯೂಷನ್_ಅಕ್ಕ:
ನಾನು ಮೈಸೂರಿಂದ ಆನ್‌ಲೈನಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ತಗೋತೀನಿ, ಈಗ ಮೂರು ಜನ ಕೊರಿಯಾದೋರು ಸೇರಿದಾರೆ. ಗ್ರಾಮರ್ ರೂಲ್ಸ್ ಕೇಳಿದ್ರೆ ನನಗಿಂತ ಚೆನ್ನಾಗಿ ಒಪ್ಪಿಸ್ತಾರೆ, ಆದ್ರೆ ಮಾತಿಗೆ ಕೂತ್ರೆ ಈ ಮೋಡಲ್ ವರ್ಬ್ಸಲ್ಲೇ, ಅಂದ್ರೆ ಕ್ಯಾನ್, ಮಸ್ಟ್, ಶುಡ್ ಥರದ ಸಹಾಯಕ ಕ್ರಿಯಾಪದಗಳಲ್ಲೇ ಎಡವ್ತಾರೆ. ಮೊನ್ನೆ ನಂಗೆ ಸಿಕ್ಕಾಪಟ್ಟೆ ಶೀತ, ಅದ್ರಲ್ಲೊಬ್ಬ ಹುಡುಗ, ತುಂಬಾ ಮರ್ಯಾದಸ್ಥ, ಕ್ಯಾಮೆರಾ ಮುಂದೆ ತಲೆ ಬಗ್ಗಿಸಿ "ಟೀಚರ್, ಯೂ ಹ್ಯಾಡ್ ಬೆಟರ್ ಟೇಕ್ ರೆಸ್ಟ್" ಅಂದ. ರೆಸ್ಟ್ ತಗೊಳ್ದಿದ್ರೆ ನೋಡಿ ಅಂತ ಧಮಕಿ ಹಾಕ್ದಂಗಿತ್ತು ಕಣ್ರೀ 😄 ಇನ್ನೊಬ್ಳು "ಐ ವಿಲ್ ಕ್ಯಾನ್ ಕಮ್" ಅನ್ನೋದು ಬಿಡ್ತಾನೇ ಇಲ್ಲ. ಯಾಕೆ ಹಿಂಗೆ?

ಸಿಯೋಲ್_ಚಳಿ:
ಇಲ್ಲಿ ನಾಲ್ಕು ವರ್ಷದಿಂದ ಇದೀನಿ, ನಾನು ನೋಡಿದ್ದು ಹೇಳ್ತೀನಿ. ಕೊರಿಯನ್ನಲ್ಲಿ ಕ್ಯಾನ್ ಅನ್ನೋಕೆ ಬಿಡಿ ಪದ ಇಲ್ಲ, "ಹಲ್ ಸು ಇಸ್ಸೊಯೊ" ಅಂತಾರೆ, ಬಿಡಿಸಿ ನೋಡಿದ್ರೆ "ಮಾಡೋ ದಾರಿ ಇದೆ" ಅಂತ. ಆ "ಇದೆ"ನ ಮುಂದಿನ ಕಾಲಕ್ಕೆ ತಿರುಗಿಸಿ "ಇಸ್ಸುಲ್ ಕೊಯೆಯೊ" ಅಂದ್ಬಿಟ್ರೆ ಅವ್ರಿಗೆ ವಿಲ್ ಕ್ಯಾನ್ ಸಲೀಸಾಗಿ ಆಗೋಯ್ತು, ಇಂಗ್ಲಿಷಲ್ಲಿ ಎರಡು ಮೋಡಲ್ ಜೊತೆಗೆ ಕೂರಲ್ಲ ಅನ್ನೋದೇ ಅವ್ರಿಗೆ ವಿಚಿತ್ರ. ಹ್ಯಾಡ್ ಬೆಟರ್ ಕತೆ ಬೇರೆ. ಅವ್ರು ಅದನ್ನ "ಮಾಡೋದು ಒಳ್ಳೇದು" ಅಂತ ಕಲ್ತಿರ್ತಾರೆ, ಅವ್ರ ಭಾಷೇಲಿ ಅದು ಮೆತ್ತಗಿನ ಮಾತು, ಯಾಕಂದ್ರೆ ಮರ್ಯಾದೆ ಎಲ್ಲಾ ಕ್ರಿಯಾಪದದ ಬಾಲದಲ್ಲಿರೋ "ಯೊ" ಹೊರತ್ತೆ. ಇಂಗ್ಲಿಷಿಗೆ ಆ ಬಾಲ ಇಲ್ವಲ್ಲ, ಅಲ್ಲಿ ಕುಡ್, ವುಡ್ ಆ ಕೆಲ್ಸ ಮಾಡ್ಬೇಕು. ಇದನ್ನ ಯಾರೂ ಅವ್ರಿಗೆ ಹೇಳಿರಲ್ಲ.

ಹಳೇ_ಮೇಷ್ಟ್ರು:
ನಿಮಗೆ ಕನ್ನಡ ಬರೋದೇ ಇಲ್ಲಿ ಪ್ಲಸ್ ಪಾಯಿಂಟ್ ಅಕ್ಕಾ. ಡೋಂಟ್ ಹ್ಯಾವ್ ಟು ಮತ್ತೆ ಮಸ್ಟ್ ನಾಟ್ ಎರಡನ್ನೂ ಕಲಸಿಬಿಡ್ತಾರೆ ನೋಡಿ, ಹ್ಯಾವ್ ಟು ಅಂದ್ರೆ "ಬೇಕು", ಅದಕ್ಕೆ ನಾಟ್ ಸೇರಿಸಿದ್ರೆ "ಬಾರದು" ಅಂತ ಲೆಕ್ಕ ಹಾಕ್ತಾರೆ. ಆದ್ರೆ ಅವ್ರ ಭಾಷೇಲಿ ಎರಡೂ ಬೇರೆ ಬೇರೆನೇ ಇದೆ, "ಆನ್ ಕಾದೊ ದ್ವೆಯೊ" ಅಂದ್ರೆ "ಹೋಗದಿದ್ರೂ ಆಗತ್ತೆ", "ಕಾಮ್ಯೊನ್ ಆನ್ ದ್ವೆಯೊ" ಅಂದ್ರೆ "ಹೋದ್ರೆ ಆಗಲ್ಲ". ನಮ್ಮ ಆಗತ್ತೆ, ಆಗಲ್ಲ ಥರಾನೇ! ಮೊದಲನೇದಕ್ಕೆ ಡೋಂಟ್ ಹ್ಯಾವ್ ಟು, ಎರಡನೇದಕ್ಕೆ ಮಸ್ಟ್ ನಾಟ್ ಅಂತ ಇಡೀ ವಾಕ್ಯಾನೇ ಜೋಡಿಸಿ ಕೊಡಿ, ಪದಕ್ಕೆ ಪದ ಬೇಡ.

ಬೆಣ್ಣೆದೋಸೆ_ದಾವಣಗೆರೆ:
ಕುಡ್ ಕೂಡ ನೋಡ್ಕೊಳ್ಳಿ, ಕ್ಯಾನ್‌ದು ಪಾಸ್ಟ್ ಟೆನ್ಸ್ ಅಂತ ಉರು ಹೊಡೆದು "ಐ ಕುಡ್ ಪಾಸ್ ದ ಎಕ್ಸಾಮ್ ಯೆಸ್ಟರ್‌ಡೇ" ಅಂತಾರೆ, ಅಲ್ಲಿ ವಾಸ್ ಏಬಲ್ ಟು ಬರ್ಬೇಕು. ಹಂಗಂತ ನಾವೇನು ಕಮ್ಮಿ? "ನಾನು ಊರಿಗೆ ಹೋಗ್ಬೇಕು" ಅಂದ್ರೆ ಆಸೆನೋ ಕರ್ಮನೋ ಯಾರಿಗ್ ಗೊತ್ತು 😂

ಟ್ಯೂಷನ್_ಅಕ್ಕ:
ಥ್ಯಾಂಕ್ಸ್ ಎಲ್ರಿಗೂ. ಮೇಷ್ಟ್ರೇ, ಇವತ್ತು ನೀವು ಹೇಳ್ದಂಗೆ ವಾಕ್ಯ ಜೋಡಿಸಿ ಕೊಟ್ಟೆ, ಆ ವಿಲ್ ಕ್ಯಾನ್ ಹುಡುಗಿ ನೋಟ್‌ಬುಕ್‌ನಲ್ಲಿ ಬರ್ಕೊಂಡ್ಳು. ಕ್ಲಾಸ್ ಮುಗೀತಾ "ಟುಮಾರೊ ಐ ಡೋಂಟ್ ಹ್ಯಾವ್ ಟು ಕಮ್?" ಅಂತ ಕೇಳಿದ್ಳು. ನಾಳೆ ಭಾನುವಾರ, ಸರಿಯಾಗೇ ಕೇಳಿದ್ಳು. ವಿಲ್ ಕ್ಯಾನ್ ಮಾತ್ರ ಇನ್ನೂ ಹೋಗಿಲ್ಲ.